ಹಗುರ ಕಾರ್ಬನ್ ಹೈಬ್ರಿಡ್ ಸೈಕಲ್ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ನೇರ ಹ್ಯಾಂಡಲ್ ಇರುವ, ಕಾರ್ಬನ್ ಫ್ರೇಮಿನ ಹೈಬ್ರಿಡ್ ಸೈಕಲ್ ಕೊಳ್ಳಬೇಕು ಅಂತ ಯೋಚಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರ ಬರೆಯುವಾಗ ನಮ್ಮ ರಸ್ತೆಗಳೇ ಕಣ್ಣ ಮುಂದಿದ್ದವು: ಬೆಂಗಳೂರಿನ ಗುಂಡಿಗಳು, ನಂದಿ ಬೆಟ್ಟ ಮತ್ತು ಚಾಮುಂಡಿ ಬೆಟ್ಟದ ಏರು, ಕರಾವಳಿಯ ಮಳೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅಳತೆ, ಟೈರಿಗೆ ಜಾಗ, ಗೇರ್, ಈ ಮೂರು ಸರಿಯಿದ್ದರೆ ಮಾತ್ರ ಕಾರ್ಬನ್‌ಗೆ ಹಾಕಿದ ದುಡ್ಡಿಗೆ ಬೆಲೆ. ಈ ಮೂರರಲ್ಲಿ ಒಂದು ತಪ್ಪಿದರೂ ಎಷ್ಟೇ ಹಗುರದ ಸೈಕಲ್ ಆದರೂ ಮೂಲೆ ಸೇರುತ್ತದೆ.

ಹೈಬ್ರಿಡ್ ಅಂದರೆ ಏನು? ರೋಡ್ ಬೈಕಿಗೂ ಇದಕ್ಕೂ ಏನು ವ್ಯತ್ಯಾಸ?

ಚಕ್ರ ರೋಡ್ ಬೈಕಿನದೇ (ಬಾಗಿದ ಹ್ಯಾಂಡಲಿನ ರೇಸ್ ಥರದ ಸೈಕಲ್), 700ಸಿ ಅನ್ನುವ ಅಳತೆಯದು. ಹ್ಯಾಂಡಲ್ ಮಾತ್ರ ಎಂಟಿಬಿಯ (ಮೌಂಟನ್ ಬೈಕಿನ) ಹಾಗೆ ನೇರ. ಕೂರುವ ಭಂಗಿ ಇವೆರಡರ ನಡುವಿನದು. ಬೆನ್ನು ಅಷ್ಟಾಗಿ ಬಾಗುವುದಿಲ್ಲ, ತಲೆ ಎತ್ತಿ ಸುತ್ತ ನೋಡಬಹುದು, ಬೆರಳು ಯಾವಾಗಲೂ ಬ್ರೇಕಿನ ಮೇಲಿರುತ್ತದೆ. ಟ್ರಾಫಿಕ್‌ನಲ್ಲಿ ಓಡಾಡುವವರಿಗೆ ಇದೇ ದೊಡ್ಡ ಅನುಕೂಲ.

ಕಷ್ಟ ಎಲ್ಲಿ ಅಂದರೆ ಗಾಳಿಯಲ್ಲಿ. ಗಂಟೆಗೆ 25 ಕಿಲೋಮೀಟರ್ ದಾಟಿದ ಮೇಲೆ ಸಮತಟ್ಟು ರಸ್ತೆಯಲ್ಲಿ ನಿಮ್ಮ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ನೇರ ಕೂತವರ ಎದೆಗೆ ಗಾಳಿ ಜಾಸ್ತಿ ಬಡಿಯುತ್ತದೆ. ಜೊತೆಗೆ ಕೈ ಇಡಲು ಒಂದೇ ಜಾಗ. ಎರಡು ಮೂರು ಗಂಟೆ ಕಳೆದ ಮೇಲೆ ಅಂಗೈ ಜೋಮು ಹಿಡಿಯಬಹುದು. ವಾರ ವಾರ ನೂರಾರು ಕಿಲೋಮೀಟರ್ ಓಡಿಸಬೇಕು, ಗುಂಪಿನ ವೇಗಕ್ಕೆ ಸರಿಸಮ ಹೋಗಬೇಕು ಅನ್ನುವವರಿಗೆ ಡ್ರಾಪ್ ಹ್ಯಾಂಡಲ್ (ಕೆಳಕ್ಕೆ ಬಾಗಿದ್ದು) ಇರುವ ಸೈಕಲ್ಲೇ ಸರಿ. ಆಫೀಸು, ಬೆಳಗಿನ ವ್ಯಾಯಾಮ, ಭಾನುವಾರ 40–60 ಕಿಲೋಮೀಟರ್ ಅನ್ನುವವರಿಗೆ ಹೈಬ್ರಿಡ್ ಚೆನ್ನಾಗಿ ಹೊಂದುತ್ತದೆ.

ಕಾರ್ಬನ್ ಅಂದರೆ ಪ್ಲಾಸ್ಟಿಕ್ಕಾ?

ಪೂರ್ತಿ ಅಲ್ಲ. ಕೂದಲಿಗಿಂತ ತೆಳುವಾದ ಕಾರ್ಬನ್ ನಾರುಗಳನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಇಟ್ಟು, ಅಚ್ಚಿನಲ್ಲಿ ಬಿಸಿ ಮಾಡಿ ಗಟ್ಟಿಗೊಳಿಸುತ್ತಾರೆ. ಭಾರ ತಡೆಯುವುದು ನಾರು, ಅದನ್ನು ಹಿಡಿದಿಡುವುದು ಅಂಟು. ನಾರು ಯಾವ ದಿಕ್ಕಿಗೆ ಹರಿದಿದೆಯೋ ಆ ದಿಕ್ಕಿನಲ್ಲಿ ಫ್ರೇಮ್ ಬಿಗಿಯಾಗಿರುತ್ತದೆ. ಹಾಗಾಗಿ ಪೆಡಲ್ ಹತ್ತಿರ ಬಗ್ಗದ ಹಾಗೆ, ಸೀಟಿನ ಹತ್ತಿರ ಸ್ವಲ್ಪ ಬಗ್ಗುವ ಹಾಗೆ ಒಂದೇ ಫ್ರೇಮಿನಲ್ಲಿ ಮಾಡಬಹುದು. ಲೋಹದ ಕೊಳವೆಯಲ್ಲಿ ಇಷ್ಟು ಸ್ವಾತಂತ್ರ್ಯ ಇಲ್ಲ. ಪದರ ಜೋಡಿಸುವ ಕೆಲಸ ಇವತ್ತಿಗೂ ಬಹುಪಾಲು ಕೈಯಲ್ಲೇ ನಡೆಯುತ್ತದೆ. ಬೆಲೆ ಹೆಚ್ಚಿರುವುದಕ್ಕೆ ಅದೂ ಒಂದು ಕಾರಣ.

ನಿಜವಾಗಿ ಎಷ್ಟು ಹಗುರ? ಅದರಿಂದ ಎಷ್ಟು ಲಾಭ?

ಫ್ರೇಮ್ ಒಂದನ್ನೇ ತೂಗಿದರೆ ಒಳ್ಳೆಯ ಕಾರ್ಬನ್ ಫ್ರೇಮ್ ಸುಮಾರು 1ರಿಂದ 1.3 ಕಿಲೋ, ಒಳ್ಳೆಯ ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹ) ಫ್ರೇಮ್ 1.5ರಿಂದ 1.9 ಕಿಲೋ ಇರುತ್ತದೆ. ಅಂದರೆ ಉಳಿತಾಯ ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಕಿಲೋ. ಇಡೀ ಸೈಕಲ್ ತೂಕ ನೋಡಿದರೆ ಕಾರ್ಬನ್ ಹೈಬ್ರಿಡ್ 9ರಿಂದ 10.5 ಕಿಲೋ, ಒಳ್ಳೆಯ ಅಲಾಯ್ ಹೈಬ್ರಿಡ್ 11ರಿಂದ 12.5 ಕಿಲೋ. ಮುಂದೆ ಸಸ್ಪೆನ್ಷನ್ ಇರುವ ಹೈಬ್ರಿಡ್ 13 ಕಿಲೋ ದಾಟುವುದೇ ಜಾಸ್ತಿ. ಕಾರ್ಬನ್ ಸೈಕಲ್ಲಿಗೆ ಚಕ್ರ, ಗೇರ್, ಸೀಟ್ ಪೋಸ್ಟ್ (ಸೀಟು ಕೂರುವ ಕಂಬ) ಎಲ್ಲ ಮೇಲ್ದರ್ಜೆಯದು ಹಾಕಿರುತ್ತಾರೆ. ಒಟ್ಟು ವ್ಯತ್ಯಾಸದಲ್ಲಿ ಫ್ರೇಮಿನ ಪಾಲು ಅರ್ಧವೂ ಇರದಿರಬಹುದು.

ಲಾಭದ ಲೆಕ್ಕ ಹೀಗೆ. ಕಡಿದಾದ ಏರಿನಲ್ಲಿ ನೀವು ಎತ್ತುವುದು ನಿಮ್ಮನ್ನೂ ಸೈಕಲ್ಲನ್ನೂ ಸೇರಿಸಿ. ಸವಾರ 75 ಕಿಲೋ, ಸೈಕಲ್ 10 ಕಿಲೋ, ಒಟ್ಟು 85. ಅದರಲ್ಲಿ ಒಂದು ಕಿಲೋ ಇಳಿಸಿದರೆ ಶೇಕಡಾ 1.2ರಷ್ಟು ಕಡಿಮೆ. ನಂದಿ ಬೆಟ್ಟದ ಬುಡದಿಂದ ತುದಿಗೆ ನಿಮಗೆ 40 ನಿಮಿಷ ಬೇಕಾದರೆ, ಅದೇ ಶಕ್ತಿಗೆ ಅರ್ಧ ನಿಮಿಷದ ಹತ್ತಿರ ಉಳಿಯುತ್ತದೆ. ಸಮತಟ್ಟು ರಸ್ತೆಯಲ್ಲಿ ಅದೂ ಗೊತ್ತಾಗುವುದಿಲ್ಲ. ಸೈಕಲ್ಲಿಗೆ ಸಿಕ್ಕಿಸಿದ ಒಂದು ಲೀಟರ್ ನೀರಿನ ಬಾಟಲಿಯೇ ಒಂದು ಕಿಲೋ, ಅಲ್ವಾ?

ಹಾಗಾದರೆ ಹಗುರ ಇರುವುದಕ್ಕೆ ಅರ್ಥವೇ ಇಲ್ಲವಾ ಅಂದರೆ, ಇದೆ. ಸಿಗ್ನಲ್ಲಿನಲ್ಲಿ ಪದೇ ಪದೇ ನಿಂತು ಹೊರಡುವಾಗ, ಮೂರನೇ ಮಹಡಿಗೆ ಹೊತ್ತುಕೊಂಡು ಹೋಗುವಾಗ, ಕಾರಿನ ಮೇಲೆ ಎತ್ತಿ ಕಟ್ಟುವಾಗ ಎರಡು ಕಿಲೋ ವ್ಯತ್ಯಾಸ ದಿನಾ ಕೈಗೆ ಸಿಗುತ್ತದೆ. ಸಣ್ಣ ಮೈಕಟ್ಟಿನವರಿಗೆ ಇದು ಇನ್ನೂ ಹೆಚ್ಚು ಗೊತ್ತಾಗುತ್ತದೆ. 50 ಕಿಲೋ ತೂಗುವವರಿಗೆ 13 ಕಿಲೋ ಸೈಕಲ್ ಅಂದರೆ ತಮ್ಮ ತೂಕದ ಕಾಲು ಭಾಗ! ಇಂಥವರು ಹಗುರ ಸೈಕಲ್ಲಿಗೆ ದುಡ್ಡು ಹಾಕುವುದು ಪೂರ್ತಿ ನ್ಯಾಯ.

ಒಂದು ವಿಷಯ ಗಮನಿಸಿ. ಕಂಪನಿಗಳು ಬರೆಯುವ ತೂಕ ಸಾಮಾನ್ಯವಾಗಿ ಒಂದೇ ಸೈಜಿನದು, ಹಲವು ಸಲ ಪೆಡಲ್ ಇಲ್ಲದೆ ತೂಗಿದ್ದು. ಪೆಡಲ್ ಜೋಡಿ 300–400 ಗ್ರಾಂ, ಬಾಟಲ್ ಹಿಡಿ, ದೀಪ, ಬೀಗ ಸೇರಿದರೆ ಇನ್ನೊಂದು ಕಿಲೋಗಿಂತ ಹೆಚ್ಚು. ಟೂರ್ ಡಿ ಫ್ರಾನ್ಸ್‌ನಲ್ಲಿ ಓಡಿಸುವ ಸೈಕಲ್ಲಿಗೂ 6.8 ಕಿಲೋಗಿಂತ ಕಡಿಮೆ ಇರಬಾರದು ಅನ್ನುವ ನಿಯಮ ಇದೆ. ಆಫೀಸಿಗೆ ಹೋಗುವ ಹೈಬ್ರಿಡ್ ಅದರ ಹತ್ತಿರ ಬರಬೇಕಾಗಿಲ್ಲ.

ಕಾರ್ಬನ್ ಫ್ರೇಮ್ ಇದ್ದರೆ ಮೈಕೈ ಕುಲುಕುವುದು ಕಡಿಮೆ ಆಗುತ್ತದಂತೆ, ನಿಜವಾ?

ಸ್ವಲ್ಪ ನಿಜ. ರಸ್ತೆಯ ಸಣ್ಣ ನಡುಕ ಕಾರ್ಬನ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವೆ) ಮತ್ತು ಕಾರ್ಬನ್ ಸೀಟ್ ಪೋಸ್ಟ್‌ನಲ್ಲಿ ಒಂದಿಷ್ಟು ಕರಗುತ್ತದೆ. 27.2 ಮಿಲಿಮೀಟರ್ ವ್ಯಾಸದ ತೆಳು ಸೀಟ್ ಪೋಸ್ಟ್, ಹೊರಗೆ ಉದ್ದ ಕಾಣುವ ಹಾಗಿದ್ದರೆ, ಚೆನ್ನಾಗಿ ಬಗ್ಗುತ್ತದೆ. ಆದರೆ ಆರಾಮದಲ್ಲಿ ಮೊದಲ ಸ್ಥಾನ ಟೈರಿಗೆ. 28 ಮಿಲಿಮೀಟರ್ ಟೈರಿಗೆ ಗಾಳಿ ಬಿಗಿಯಾಗಿ ತುಂಬಿಸಿ ಓಡಿಸಿದರೆ ಕಾರ್ಬನ್ ಫ್ರೇಮೂ ಮೈ ನೋಯಿಸುತ್ತದೆ. ಅಲಾಯ್ ಫ್ರೇಮಿಗೆ 38 ಮಿಲಿಮೀಟರ್ ಟೈರ್ ಹಾಕಿ ಹದವಾಗಿ ಗಾಳಿ ಇಟ್ಟರೆ ಅದು ಇದಕ್ಕಿಂತ ಮೆತ್ತಗೆ ಹೋಗುತ್ತದೆ.

ಟೈರ್ ಎಷ್ಟು ಅಗಲ ಇರಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವ ಸಮಯ ಇದ್ದರೆ ಇದನ್ನು ಓದಿ. ಇವತ್ತು ಹಾಕಿರುವ ಟೈರ್ ಯಾವುದು ಅನ್ನುವುದಕ್ಕಿಂತ, ಫ್ರೇಮಿನಲ್ಲೂ ಫೋರ್ಕಿನಲ್ಲೂ ಗರಿಷ್ಠ ಎಷ್ಟು ಅಗಲದ ಟೈರ್ ಹಿಡಿಸುತ್ತದೆ ಅಂತ ಕೇಳಿ. ಟೈರ್ ನಾಳೆ ಬದಲಾಯಿಸಬಹುದು. ಫ್ರೇಮಿನ ಸಂದು ಯಾವತ್ತೂ ಬದಲಾಗುವುದಿಲ್ಲ.

ನಮ್ಮ ಊರುಗಳಿಗೆ 35 ಮಿಲಿಮೀಟರ್ ಕನಿಷ್ಠ, 40ಕ್ಕೆ ಜಾಗ ಇದ್ದರೆ ನೆಮ್ಮದಿ. ಮಡ್‌ಗಾರ್ಡ್ ಹಾಕಿದರೆ ಐದು ಮಿಲಿಮೀಟರಿನಷ್ಟು ಕಡಿಮೆಯಾಗುತ್ತದೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. 28ರ ಟೈರಿಗೆ ಮಾತ್ರ ಜಾಗ ಇರುವ ಹಳೆಯ ಮಾದರಿಗಳು ರಿಯಾಯಿತಿಯಲ್ಲಿ ಸಿಗುತ್ತವೆ. ಬೆಲೆ ನೋಡಿ ಮನಸ್ಸಾಗುತ್ತದೆ, ಆದರೆ ನಗರದ ಓಡಾಟಕ್ಕೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಅಗಲ ಟೈರ್ ನಿಧಾನ ಅನ್ನುವ ಭಯವೂ ಬೇಡ. ಒಡೆದ ಡಾಂಬರಿನ ಮೇಲೆ ಗಟ್ಟಿ ಟೈರ್ ಪುಟಿಯುತ್ತದೆ, ಪುಟಿದಾಗೆಲ್ಲ ಶಕ್ತಿ ಪೋಲು. ಮೆತ್ತಗಿನ ಟೈರ್ ಕಲ್ಲನ್ನು ನುಂಗಿಕೊಂಡು ಮುಂದೆ ಹೋಗುತ್ತದೆ.

ಗಾಳಿ ಎಷ್ಟು? 75 ಕಿಲೋ ಸವಾರ, 35ರ ಟೈರ್ ಅಂದರೆ 50–60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹತ್ತಿರ ಶುರು ಮಾಡಿ, ಹಿಂದಿನ ಟೈರಿಗೆ ಸ್ವಲ್ಪ ಜಾಸ್ತಿ ಇಡಿ. ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠ ಅಂಕಿಯನ್ನು ಗುರಿ ಅಂದುಕೊಳ್ಳಬೇಡಿ. ಇಂಥ ಸೈಕಲ್ಲಿಗೆ ಬರುವ ಪ್ರೆಸ್ಟಾ ಅನ್ನುವ ತೆಳು ವಾಲ್ವಿಗೆ ಪೆಟ್ರೋಲ್ ಬಂಕಿನ ಗಾಳಿ ಪೈಪ್ ಹಿಡಿಸುವುದಿಲ್ಲ. ಒಂದು ಸಣ್ಣ ಅಡಾಪ್ಟರ್ ಮತ್ತು ಮೀಟರ್ ಇರುವ ಪಂಪು ಮನೆಯಲ್ಲಿ ಇರಲಿ.

ಇನ್ನೊಂದು ಮಾತು. ತೂಕ ಇಳಿಸುವ ಅಗ್ಗದ ದಾರಿಯೂ ಟೈರೇ. ತಂತಿ ಅಂಚಿನ ಭಾರಿ ಟೈರ್ ತೆಗೆದು ಮಡಚಬಹುದಾದ ಒಳ್ಳೆಯ ಟೈರ್ ಹಾಕಿದರೆ ಜೋಡಿಗೆ 300–400 ಗ್ರಾಂ ಇಳಿಯಬಹುದು, ಉರುಳುವುದೂ ಹಗುರವಾಗುತ್ತದೆ. ಅದೂ ಕಾರ್ಬನ್ ಫ್ರೇಮಿಗೆ ಕೊಡುವ ದುಡ್ಡಿನ ಸಣ್ಣ ಪಾಲಿನಲ್ಲಿ.

"ಕಾರ್ಬನ್" ಅಂತ ಬರೆದಿದ್ದರೆ ಸಾಕಾ?

ಸಾಲದು. ಏನು ಕಾರ್ಬನ್ ಅಂತ ಕೇಳಬೇಕು. ಫ್ರೇಮಾ, ಬರೀ ಫೋರ್ಕಾ? ಅಲಾಯ್ ಫ್ರೇಮಿಗೆ ಕಾರ್ಬನ್ ಫೋರ್ಕ್ ಹಾಕಿದ ಹೈಬ್ರಿಡ್‌ಗಳು ಬಹಳ ಇವೆ. ಟ್ರೆಕ್ ಎಫ್‌ಎಕ್ಸ್ 3 ಅಂಥದ್ದೇ, ಒಳ್ಳೆಯ ಸೈಕಲ್ಲೂ ಹೌದು. ಆದರೆ ಆನ್‌ಲೈನ್ ಜಾಹೀರಾತಿನಲ್ಲಿ ದೊಡ್ಡ ಅಕ್ಷರದ "ಕಾರ್ಬನ್" ನೋಡಿ ಇಡೀ ಸೈಕಲ್ ಕಾರ್ಬನ್ ಅಂದುಕೊಳ್ಳುವವರು ಇದ್ದಾರೆ.

ಕಂಪನಿಗಳು ತಮ್ಮದೇ ಹೆಸರು ಇಟ್ಟಿರುವುದರಿಂದ ಗೊಂದಲ ಇನ್ನೂ ಜಾಸ್ತಿ. ಟ್ರೆಕ್‌ನಲ್ಲಿ ಓಸಿಎಲ್‌ವಿ ಅಂದರೆ ಕಾರ್ಬನ್, ಆಲ್ಫಾ ಅಂದರೆ ಅಲ್ಯೂಮಿನಿಯಂ. ಜೈಂಟ್‌ನಲ್ಲಿ ಅಡ್ವಾನ್ಸ್‌ಡ್ ಅಂದರೆ ಕಾರ್ಬನ್, ಅಲಕ್ಸ್ ಅಂದರೆ ಅಲ್ಯೂಮಿನಿಯಂ. ಸ್ಪೆಷಲೈಜ್ಡ್‌ನಲ್ಲಿ ಫ್ಯಾಕ್ಟ್ ಕಾರ್ಬನ್, ಎ1 ಅಲ್ಯೂಮಿನಿಯಂ. ಕ್ಯಾನ್ಯನ್‌ನಲ್ಲಿ ಸಿಎಫ್ ಮತ್ತು ಎಎಲ್. ಫ್ರೇಮ್ ಅನ್ನುವ ಸಾಲಿನ ಎದುರು ಏನು ಬರೆದಿದೆ ಅನ್ನುವುದನ್ನೇ ನೋಡಿ.

ಯಾವ ಮಾದರಿಗಳಿವೆ? ಎಷ್ಟು ದುಡ್ಡು ಬೇಕು?

ಜಗತ್ತಿನಲ್ಲೇ ಈ ವರ್ಗ ಚಿಕ್ಕದು. ಟ್ರೆಕ್ ಎಫ್‌ಎಕ್ಸ್ ಸ್ಪೋರ್ಟ್ ಕಾರ್ಬನ್ ಸಾಲು, ಜೈಂಟ್ ಫಾಸ್ಟ್‌ರೋಡ್ ಅಡ್ವಾನ್ಸ್‌ಡ್, ಸ್ಪೆಷಲೈಜ್ಡ್ ಸಿರಸ್‌ನ ಮೇಲಿನ ಮಾದರಿಗಳು, ಕ್ಯಾನನ್‌ಡೇಲ್ ಕ್ವಿಕ್ ಕಾರ್ಬನ್, ಕ್ಯಾನ್ಯನ್ ರೋಡ್‌ಲೈಟ್ ಸಿಎಫ್ ಇವು ಗೊತ್ತಿರುವ ಹೆಸರುಗಳು. ಇವುಗಳಲ್ಲಿ ಕೆಲವು ವರ್ಷದಿಂದ ವರ್ಷಕ್ಕೆ ಬರುತ್ತವೆ, ಹೋಗುತ್ತವೆ. ಕ್ಯಾನ್ಯನ್ ಜರ್ಮನಿಯ ಕಂಪನಿ, ಮುಖ್ಯವಾಗಿ ಆನ್‌ಲೈನ್‌ನಲ್ಲೇ ಮಾರುತ್ತದೆ.

ನಮ್ಮಲ್ಲಿ ಇಂಥ ಸೈಕಲ್ ಅಂಗಡಿಯಲ್ಲಿ ಸಿದ್ಧ ಇರುವುದು ಅಪರೂಪ, ಆರ್ಡರ್ ಕೊಟ್ಟು ಕಾಯಬೇಕಾಗಬಹುದು. ಬೆಲೆ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ಮೇಲಕ್ಕೆ. ಆಮದು ಸುಂಕ ಸೇರುವುದರಿಂದ ಹೊರದೇಶದ ಬೆಲೆಯನ್ನು ಸುಮ್ನೆ ರೂಪಾಯಿಗೆ ತಿರುಗಿಸಿ ಹೋಲಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಕಾಣಬೇಕು, ಹಳೆಯ ದರಪಟ್ಟಿ ತೋರಿಸಿದರೆ ಕೇಳಿ.

ಅದೇ ದುಡ್ಡಿನ ಅರ್ಧಕ್ಕೆ ಒಳ್ಳೆಯ ಅಲಾಯ್ ಸೈಕಲ್ ಬರುತ್ತದಲ್ಲ?

ಬರುತ್ತದೆ. ಬಹುತೇಕರಿಗೆ ಅದೇ ಸಾಕು. ಅಲಾಯ್ ಫ್ರೇಮ್, ಕಾರ್ಬನ್ ಫೋರ್ಕ್, ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಬ್ರೇಕ್, ಒಳ್ಳೆಯ ಟೈರ್: ಈ ಜೋಡಣೆ ದುಡ್ಡಿಗೆ ಹೆಚ್ಚು ಕೆಲಸ ಮಾಡುತ್ತದೆ. ಮೊದಲ ಸೈಕಲ್ ಕೊಳ್ಳುವವರು, ರಸ್ತೆ ಬದಿ ಕಂಬಕ್ಕೆ ಬೀಗ ಹಾಕಿ ನಿಲ್ಲಿಸುವವರು, ಮನೆಯಲ್ಲಿ ಮೂರು ಜನ ಸೇರಿ ಓಡಿಸುವವರು ಅಲಾಯ್ ತೆಗೆದುಕೊಳ್ಳಿ. ಕಾರ್ಬನ್ ಯಾರಿಗೆ? ಸೈಕಲ್ ಒಳಗೆ ಇಡಲು ಜಾಗ ಇರುವವರಿಗೆ, ಈಗಾಗಲೇ ಒಂದೆರಡು ವರ್ಷ ಓಡಿಸಿ ತಮಗೆ ನೇರ ಹ್ಯಾಂಡಲ್ಲೇ ಬೇಕು ಅಂತ ಖಚಿತ ಆಗಿರುವವರಿಗೆ.

ಅಗ್ಗದ ಕಾರ್ಬನ್‌ಗೂ ದುಬಾರಿ ಅಲಾಯ್‌ಗೂ ಒಂದೇ ಬೆಲೆ ಇದ್ದರೆ ಅಲಾಯ್ ಕಡೆಗೇ ನನ್ನ ಓಟು. ಅಗ್ಗದ ಕಾರ್ಬನ್ ಸೈಕಲ್ಲಿನಲ್ಲಿ ಚಕ್ರ ಮತ್ತು ಬ್ರೇಕಿನ ಗುಣಮಟ್ಟ ಇಳಿಸಿರುತ್ತಾರೆ.

ಸರಿಯಾದ ಸೈಜ್ ಹೇಗೆ ತಿಳಿಯುವುದು?

ಎತ್ತರ ನೋಡಿ ಮೀಡಿಯಂ, ಲಾರ್ಜ್ ಅನ್ನುವ ಪಟ್ಟಿ ಇರುತ್ತದೆ. ಅದು ಶುರುವಿಗೆ ಸರಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಸ್ಮಾಲ್ ಇರಬಹುದು. ಹೋಲಿಸಬೇಕಾದ್ದು ಎರಡು ಅಂಕಿ: ಸ್ಟ್ಯಾಕ್ ಮತ್ತು ರೀಚ್. ಪೆಡಲ್ ಸುತ್ತುವ ಕೇಂದ್ರದಿಂದ ಫ್ರೇಮಿನ ತಲೆ (ಹ್ಯಾಂಡಲ್ ಕಡೆಯ ಕೊಳವೆಯ ಮೇಲ್ತುದಿ) ಎಷ್ಟು ಎತ್ತರದಲ್ಲಿದೆ ಅನ್ನುವುದು ಸ್ಟ್ಯಾಕ್, ಎಷ್ಟು ಮುಂದಿದೆ ಅನ್ನುವುದು ರೀಚ್. ಬೆನ್ನು ನೋವಿರುವವರು, ನೇರ ಕೂರಬೇಕು ಅನ್ನುವವರು ಸ್ಟ್ಯಾಕ್ ಜಾಸ್ತಿ ಇರುವುದನ್ನು ನೋಡಿ. ಎರಡು ಸೈಜಿನ ನಡುವೆ ಇದ್ದರೆ ಸಾಮಾನ್ಯವಾಗಿ ಚಿಕ್ಕದು ಲೇಸು. ಚಿಕ್ಕದನ್ನು ಸ್ಟೆಮ್ (ಹ್ಯಾಂಡಲ್ ಹಿಡಿದಿಡುವ ತುಂಡು) ಬದಲಿಸಿ ಉದ್ದ ಮಾಡಬಹುದು, ದೊಡ್ಡದನ್ನು ಚಿಕ್ಕದು ಮಾಡುವುದು ಕಷ್ಟ.

ಸೀಟಿನ ಎತ್ತರಕ್ಕೆ ಒಂದು ಹಳೆಯ ಲೆಕ್ಕ ಇದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಯಿಂದ ನೆಲಕ್ಕೆ ಅಳೆದು, ಅದನ್ನು 0.883ರಿಂದ ಗುಣಿಸಿ. 80 ಸೆಂಟಿಮೀಟರ್ ಬಂದರೆ ಸೀಟಿನ ಮೇಲ್ಭಾಗ ಪೆಡಲ್ ಕೇಂದ್ರದಿಂದ 70.6 ಸೆಂಟಿಮೀಟರ್ ಇರಬೇಕು. ಇದು ಶುರುವಿನ ಅಂಕಿ ಅಷ್ಟೇ, ಆಮೇಲೆ ಮಂಡಿ ಹೇಳಿದ ಹಾಗೆ ಕೇಳಿ. ನಮ್ಮಲ್ಲಿ ಸೀಟನ್ನು ತೀರಾ ಕೆಳಗೆ ಇಟ್ಟು ಓಡಿಸುವ ಅಭ್ಯಾಸ ಬಹಳ ಜನರಿಗಿದೆ. ನಿಂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು ಅನ್ನುವ ಆಸೆ ಅದಕ್ಕೆ ಕಾರಣ. ಆಮೇಲೆ ಮಂಡಿ ನೋವು ಅಂತ ಸೈಕಲ್ಲೇ ಬಿಟ್ಟುಬಿಡುತ್ತಾರೆ. ದಯವಿಟ್ಟು ಸೀಟಿಂದ ಇಳಿದು ನಿಲ್ಲುವುದನ್ನು ಕಲಿಯಿರಿ.

ಹ್ಯಾಂಡಲ್ ಅಗಲವೂ ನೋಡಿ. ಭುಜ ಚಿಕ್ಕದಿರುವವರಿಗೆ 660–680 ಮಿಲಿಮೀಟರ್ ಹ್ಯಾಂಡಲ್ ಕೈ ಚಾಚಿಸುತ್ತದೆ. ಅದನ್ನು ಎರಡೂ ಕಡೆ ಸಮನಾಗಿ ಕತ್ತರಿಸಬಹುದು. ಬಸ್ಸು ಆಟೋ ನಡುವೆ ನುಸುಳಲೂ ಸುಲಭ.

ಗೇರ್ ಎಷ್ಟು ಬೇಕು? ಮುಂದೆ ಒಂದೇ ಹಲ್ಲುಚಕ್ರ ಇರುವುದು ಒಳ್ಳೆಯದಾ?

ಒಟ್ಟು ಎಷ್ಟು ಗೇರ್ ಅನ್ನುವುದಕ್ಕಿಂತ ಅತಿ ಹಗುರ ಗೇರ್ ಯಾವುದು ಅನ್ನುವುದು ಮುಖ್ಯ. ಮುಂದಿನ ಸಣ್ಣ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ದೊಡ್ಡ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ. ಒಂದಕ್ಕಿಂತ ಕಡಿಮೆ ಬಂದರೆ ನಂದಿ, ಚಾಮುಂಡಿ ಬೆಟ್ಟಕ್ಕೆ ನೆಮ್ಮದಿ. ಮುಂದೆ 40 ಹಿಂದೆ 42 ಅಂದರೆ 0.95. ಮುಂದೆ 30 ಹಿಂದೆ 34 ಅಂದರೆ 0.88. ರೋಡ್ ಬೈಕಿನ 34–32 ಅಂದರೆ 1.06, ಅಭ್ಯಾಸ ಇಲ್ಲದವರ ಮಂಡಿಗೆ ಭಾರ. ಆಗುಂಬೆ ಘಾಟಿ ಏರುವ ಆಸೆ ಇರುವವರು 0.9ರ ಕೆಳಗೇ ಇಟ್ಟುಕೊಳ್ಳಿ.

ಮುಂದೆ ಒಂದೇ ಹಲ್ಲುಚಕ್ರ ಇದ್ದರೆ ಎಡಗೈಗೆ ಗೇರ್ ಕೆಲಸ ಇಲ್ಲ, ಚೈನು ಬೀಳುವುದು ಕಡಿಮೆ, ಕೆಸರು ತೊಳೆಯುವುದು ಸುಲಭ. ನಗರಕ್ಕೆ ನನಗೆ ಇದೇ ಇಷ್ಟ. ಗೇರ್‌ಗಳ ನಡುವಿನ ಅಂತರ ಸ್ವಲ್ಪ ದೊಡ್ಡದು, ಒಂದೇ ವೇಗದಲ್ಲಿ ದೂರ ಹೋಗುವವರಿಗೆ ಅದು ಕಿರಿಕಿರಿ. ಗೇರ್ ತಯಾರಿಸುವ ಶಿಮಾನೋ ಕಂಪನಿ 2023ರಲ್ಲಿ ತಂದ ಕ್ಯೂಸ್ ಅನ್ನುವ ಸಾಲು ಈಗ ಹೈಬ್ರಿಡ್‌ಗಳಲ್ಲಿ ಜಾಸ್ತಿ ಕಾಣುತ್ತದೆ. ಹಲ್ಲು ಬೇಗ ಸವೆಯದ ಹಾಗೆ ಮಾಡಿರುವುದರಿಂದ ಧೂಳಿನ ಊರಿಗೆ ಹೊಂದುತ್ತದೆ. ಕೊಳ್ಳುವ ಮೊದಲು ನಿಮ್ಮ ಮೆಕ್ಯಾನಿಕ್ ಹತ್ತಿರ ಅದೇ ಸಾಲಿನ ಚೈನು, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಸಿಗುತ್ತದಾ ಅಂತ ವಿಚಾರಿಸಿ.

ಬ್ರೇಕ್?

ಹೈಡ್ರಾಲಿಕ್ ಡಿಸ್ಕ್. ಮಳೆಯಲ್ಲಿ ಇಳಿಜಾರು ಇಳಿಯುವಾಗ ಒಂದೇ ಬೆರಳಿಗೆ ನಿಲ್ಲುತ್ತದೆ. ಈ ಬೆಲೆಯಲ್ಲಿ ಇದಕ್ಕಿಂತ ಕಡಿಮೆ ಒಪ್ಪಬೇಡಿ.

ಗುಂಡಿಗೆ ಬಿದ್ದರೆ ಕಾರ್ಬನ್ ಒಡೆದು ಹೋಗುತ್ತದಾ?

ಎಲ್ಲರಿಗೂ ಇರುವ ಭಯ ಇದು. ಗುಂಡಿ, ಹಂಪು ಇವುಗಳ ಹೊಡೆತ ಮೊದಲು ಟೈರಿಗೆ, ಆಮೇಲೆ ರಿಮ್ಮಿಗೆ. ಫ್ರೇಮಿಗೆ ಬರುವ ಹೊತ್ತಿಗೆ ಬಹಳ ತಗ್ಗಿರುತ್ತದೆ. ಐಎಸ್‌ಒ 4210 ಅನ್ನುವ ಸುರಕ್ಷತಾ ಮಾನದಂಡದಲ್ಲಿ ಫ್ರೇಮ್ ಮತ್ತು ಫೋರ್ಕಿಗೆ ಹೊಡೆತದ ಪರೀಕ್ಷೆ, ಸಾವಿರಾರು ಸಲ ಒತ್ತಿ ಬಿಡುವ ಪರೀಕ್ಷೆ ಎರಡೂ ಇವೆ. ಅಲ್ಯೂಮಿನಿಯಂ ವರ್ಷಗಟ್ಟಲೆ ಬಗ್ಗಿ ಬಗ್ಗಿ ದಣಿಯುತ್ತದೆ. ಚೆನ್ನಾಗಿ ಮಾಡಿದ ಕಾರ್ಬನ್ ಆ ವಿಷಯದಲ್ಲಿ ಹೆಚ್ಚು ತಾಳುತ್ತದೆ.

ಕಾರ್ಬನ್‌ಗೆ ನಿಜವಾದ ಶತ್ರು ಪಕ್ಕದಿಂದ ಬೀಳುವ ಮೊನಚು ಪೆಟ್ಟು ಮತ್ತು ಕೊಳವೆಯನ್ನು ಹಿಂಡುವ ಹಿಡಿತ. ನಿಂತ ಸೈಕಲ್ ಉರುಳಿ ಮೆಟ್ಟಿಲ ಅಂಚಿಗೆ ತಾಗುವುದು, ಪಾರ್ಕಿಂಗ್‌ನಲ್ಲಿ ಇನ್ನೊಬ್ಬರ ಬೈಕಿನ ಹ್ಯಾಂಡಲ್ ಬಡಿಯುವುದು, ರಿಪೇರಿ ಸ್ಟ್ಯಾಂಡಿನ ಹಿಡಿಯನ್ನು ಫ್ರೇಮಿಗೇ ಬಿಗಿಯುವುದು, ಇವು ಅಪಾಯ. ಕಾರಿನ ಕ್ಯಾರಿಯರ್‌ನಲ್ಲೂ ಫ್ರೇಮ್ ಹಿಡಿಯುವುದು ಬೇಡ, ಚಕ್ರ ಹಿಡಿಯುವ ಮಾದರಿ ಬಳಸಿ.

ಬಿದ್ದ ಮೇಲೆ ಹೇಗೆ ಪರೀಕ್ಷಿಸುವುದು? ರಿಪೇರಿ ಆಗುತ್ತದಾ?

ಮೊದಲು ತೊಳೆದು ಒರೆಸಿ. ಒಳ್ಳೆಯ ಬೆಳಕಿನಲ್ಲಿ ಬಣ್ಣದ ಬಿರುಕು ನೋಡಿ, ಬೆರಳ ತುದಿಯಿಂದ ಸವರಿ. ಉಗುರಿಗೆ ಸಿಕ್ಕುವ ಬಿರುಕು, ಒತ್ತಿದರೆ ಮೆತ್ತಗಾಗುವ ಜಾಗ, ಹೊರಬಂದ ನಾರು ಇದ್ದರೆ ಓಡಿಸುವುದು ನಿಲ್ಲಿಸಿ. ಆಮೇಲೆ ಒಂದು ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಸದ್ದು ಮಂಕಾಗುತ್ತದೆ. ಇದು ಪಕ್ಕಾ ಪರೀಕ್ಷೆ ಅಲ್ಲ. ಕೊಳವೆಯ ದಪ್ಪ ಬದಲಾದ ಕಡೆಯೂ ಸದ್ದು ಬದಲಾಗುತ್ತದೆ. ಹಾಗಾಗಿ ಎಡಬಲ ಒಂದೇ ಜಾಗ ಹೋಲಿಸಿ ನೋಡಿ. ಅನುಮಾನ ಉಳಿದರೆ ತಿಳಿದವರಿಗೆ ತೋರಿಸಿ.

ಫ್ರೇಮಿನ ಕೊಳವೆಗೆ ಹೊಸ ಪದರ ಹಾಕಿ ಗಟ್ಟಿ ಮಾಡುವ ಕೆಲಸ ಬಲ್ಲವರು ಇದ್ದಾರೆ, ಚೆನ್ನಾಗಿ ಮಾಡಿದರೆ ಬಾಳಿಕೆಯೂ ಬರುತ್ತದೆ. ಫೋರ್ಕ್, ಹ್ಯಾಂಡಲ್, ಸೀಟ್ ಪೋಸ್ಟ್ ಮಾತ್ರ ರಿಪೇರಿ ಮಾಡಿಸಬೇಡಿ. ಬದಲಿಸಿ. ಓಡುವಾಗ ಫೋರ್ಕ್ ಮುರಿದರೆ ಮುಖ ನೆಲಕ್ಕೆ.

ಸ್ಟ್ಯಾಂಡ್, ಕ್ಯಾರಿಯರ್, ಮಗುವಿನ ಸೀಟು ಹಾಕಿಸಬಹುದಾ?

ಫ್ರೇಮಿನಲ್ಲಿ ಅದಕ್ಕೆಂದೇ ಬೋಲ್ಟ್ ತೂತು ಇದ್ದರೆ ಮಾತ್ರ. ಕೆಲವು ಕಾರ್ಬನ್ ಹೈಬ್ರಿಡ್‌ಗಳಲ್ಲಿ ಮಡ್‌ಗಾರ್ಡ್, ಕ್ಯಾರಿಯರ್ ಎರಡಕ್ಕೂ ತೂತು ಇರುತ್ತವೆ, ಸ್ಟ್ಯಾಂಡಿಗೂ ಇರುವ ಮಾದರಿಗಳಿವೆ. ಲ್ಯಾಪ್‌ಟಾಪ್ ಬ್ಯಾಗ್ ಬೆನ್ನಿಗೆ ಹಾಕಿ ಬೆವರುವುದು ಬೇಡ ಅನ್ನುವವರಿಗೆ ಈ ತೂತುಗಳು ತೂಕಕ್ಕಿಂತ ಮುಖ್ಯ. ಕ್ಯಾರಿಯರ್ ಎಷ್ಟು ಕಿಲೋ ತಡೆಯುತ್ತದೆ ಅಂತ ಕೈಪಿಡಿಯಲ್ಲಿ ನೋಡಿ. ಸವಾರನೂ ಸಾಮಾನೂ ಸೇರಿ ಒಟ್ಟು ಎಷ್ಟು ತೂಕ ಇರಬಹುದು ಅನ್ನುವುದೂ ಅಲ್ಲೇ ಇರುತ್ತದೆ.

ತೂತು ಇಲ್ಲದ ಫ್ರೇಮಿಗೆ ಕ್ಲಾಂಪ್ ಹಾಕಿ ಬಿಗಿಯುವ ಸ್ಟ್ಯಾಂಡ್ ಯಾವತ್ತೂ ಬೇಡ. ಹಿಂದಿನ ತೆಳು ಕೊಳವೆ ಹಿಂಡಿ ಬಿರುಕು ಬಿಡುತ್ತದೆ. ಅಂಗಡಿಯವರು ಪ್ರೀತಿಯಿಂದ ಉಚಿತವಾಗಿ ಹಾಕಿಕೊಡುತ್ತೇನೆ ಅಂದರೂ ಬೇಡ ಅನ್ನಿ. ಮಗುವಿನ ಸೀಟನ್ನು ಕಾರ್ಬನ್ ಕೊಳವೆಗೆ ಬಿಗಿಯುವುದನ್ನೂ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮಗುವನ್ನು ಕೂರಿಸಿಕೊಂಡು ಹೋಗಬೇಕಾದರೆ ಅಲಾಯ್ ಅಥವಾ ಸ್ಟೀಲ್ ಸೈಕಲ್ ತೆಗೆದುಕೊಳ್ಳಿ. ಇದರಲ್ಲಿ ರಾಜಿ ಬೇಡ.

ಬಿಸಿಲು, ಮಳೆ, ಕರಾವಳಿಯ ಉಪ್ಪುಗಾಳಿ?

ಕಾರ್ಬನ್ ತುಕ್ಕು ಹಿಡಿಯುವುದಿಲ್ಲ. ಕಲಬುರಗಿ, ವಿಜಯಪುರದ ಬಿಸಿಲಿನಲ್ಲಿ ಓಡಿಸಿದರೂ ಫ್ರೇಮ್ ಮೆತ್ತಗಾಗುವುದಿಲ್ಲ. ಮೇಲಿನ ಬಣ್ಣ ಮತ್ತು ಲೇಪ ಅಂಟನ್ನು ಬಿಸಿಲಿನಿಂದ ಕಾಪಾಡುತ್ತವೆ. ದಿನವಿಡೀ ಬಿಸಿಲಿಗೆ ಒಡ್ಡಿ ನಿಲ್ಲಿಸುವುದು ಬೇಡ, ಅಷ್ಟೇ.

ಉಡುಪಿ, ಮಂಗಳೂರು, ಕಾರವಾರದ ಕಡೆಯವರು ಒಂದು ವಿಷಯಕ್ಕೆ ಎಚ್ಚರ ವಹಿಸಬೇಕು. ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿರುವ ಕಡೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗಿ ಉಬ್ಬುತ್ತದೆ. ಕಾರ್ಬನ್ ಫ್ರೇಮಿನೊಳಗೆ ಅಲಾಯ್ ಸೀಟ್ ಪೋಸ್ಟ್ ಕಚ್ಚಿಕೊಂಡು ಕೂತರೆ ತೆಗೆಯುವುದು ದೊಡ್ಡ ತಲೆನೋವು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸೀಟ್ ಪೋಸ್ಟ್ ಹೊರತೆಗೆದು, ಒರೆಸಿ, ಕಾರ್ಬನ್ ಪೇಸ್ಟ್ (ಮುಂದಿನ ಉತ್ತರ ನೋಡಿ) ಹಚ್ಚಿ ಮತ್ತೆ ಹಾಕಿ. ತೆಗೆಯುವ ಮೊದಲು ಟೇಪ್ ಸುತ್ತಿ ಎತ್ತರ ಗುರುತು ಮಾಡಿಕೊಳ್ಳಿ.

ಮನೆಯಲ್ಲೇ ಬೋಲ್ಟ್ ಬಿಗಿಯಬಹುದಾ?

ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಇದ್ದರೆ ಖಂಡಿತ. ಕಾರ್ಬನ್ ಕೊಳ್ಳುವವರು ಸೈಕಲ್ ಜೊತೆಗೇ ಅದನ್ನೂ ಕೊಳ್ಳಿ. ಸೀಟ್ ಕ್ಲಾಂಪ್, ಸ್ಟೆಮ್ ಬೋಲ್ಟುಗಳ ಮೇಲೆ ಅಂಕಿ ಬರೆದಿರುತ್ತದೆ, ಸಾಮಾನ್ಯವಾಗಿ 4ರಿಂದ 6 ನ್ಯೂಟನ್ ಮೀಟರ್. ಕೈಯಂದಾಜು ಎಷ್ಟೇ ಪಳಗಿದ್ದರೂ ಇದಕ್ಕಿಂತ ಜಾಸ್ತಿ ಬಿಗಿಯುತ್ತದೆ. ಸೀಟ್ ಜಾರುತ್ತಿದ್ದರೆ ಇನ್ನೂ ಬಿಗಿಯಬೇಡಿ, ಕಾರ್ಬನ್ ಪೇಸ್ಟ್ ಹಚ್ಚಿ. ಅದರಲ್ಲಿ ಮರಳಿನ ಹಾಗೆ ಸಣ್ಣ ಕಣಗಳಿರುತ್ತವೆ, ಕಡಿಮೆ ಬಿಗಿಯಲ್ಲೇ ಹಿಡಿತ ಬರುತ್ತದೆ. ಅಲ್ಲಿಗೆ ಮಾಮೂಲಿ ಗ್ರೀಸ್ ಹಚ್ಚಿದರೆ ಸೀಟ್ ಇನ್ನೂ ಜಾರುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದಾ?

ತೆಗೆದುಕೊಳ್ಳಬಹುದು, ಕಣ್ಣಾರೆ ನೋಡಿದ ಮೇಲೆ. ಪೆಡಲ್ ಹತ್ತಿರ ಚೈನು ಉಜ್ಜಿದ ಗಾಯ, ಕೆಳಗಿನ ಕೊಳವೆಯ ಅಡಿಯಲ್ಲಿ ಕಲ್ಲಿನ ಪೆಟ್ಟು, ಸೀಟ್ ಕ್ಲಾಂಪ್ ಸುತ್ತ ಕೂದಲೆಳೆ ಬಿರುಕು ನೋಡಿ. ಮುಂದಿನ ಚಕ್ರ ಬಿಚ್ಚಿ ಫೋರ್ಕ್ ಹೊರಗೆ ತೆಗೆಸಿ ಅದರ ಮೇಲಿನ ಕಂಬವನ್ನು ನೋಡಿದರೆ ಇನ್ನೂ ಒಳ್ಳೆಯದು. ಹೊಸದಾಗಿ ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ. ಪೆಡಲ್ ಕೇಂದ್ರದ ಅಡಿಯಲ್ಲಿ ಸಾಮಾನ್ಯವಾಗಿ ಇರುವ ಸೀರಿಯಲ್ ನಂಬರ್ ಬಿಲ್ಲಿಗೆ ಹೊಂದಬೇಕು. ದೊಡ್ಡ ಕಂಪನಿಗಳಲ್ಲಿ ಹಲವು ಫ್ರೇಮಿಗೆ ಆಜೀವ ವಾರಂಟಿ ಕೊಡುತ್ತವೆ, ಆದರೆ ಅದು ಮೊದಲ ಮಾಲೀಕರಿಗೆ ಮಾತ್ರ, ತಯಾರಿಕೆಯ ದೋಷಕ್ಕೆ ಮಾತ್ರ. ಬಿದ್ದು ಒಡೆದದ್ದಕ್ಕೆ ಸಿಗುವುದಿಲ್ಲ. ಹೊಸ ಫ್ರೇಮಿಗೆ ರಿಯಾಯಿತಿ ಕೊಡುವ ವ್ಯವಸ್ಥೆ ಕೆಲವು ಕಂಪನಿಗಳಲ್ಲಿದೆ, ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ.

ಹೊರದೇಶದಲ್ಲಿರುವ ಮಗ ಅಥವಾ ಅಕ್ಕ ತಂದುಕೊಡುತ್ತೇನೆ ಅಂತಿದ್ದಾರೆ. ತರಿಸಲಾ?

ಪ್ಯಾಕ್ ಮಾಡುವ ರೀತಿ ಗೊತ್ತಿದ್ದರೆ ಆಗಬಹುದು. ವಾರಂಟಿಗೆ ಇಲ್ಲಿಯ ಅಂಗಡಿ ಸ್ಪಂದಿಸುತ್ತದಾ, ವಿಮಾನ ಸಂಸ್ಥೆ ಸೈಕಲ್ ಡಬ್ಬಕ್ಕೆ ಎಷ್ಟು ಕೇಳುತ್ತದೆ, ಕಸ್ಟಮ್ಸ್‌ನಲ್ಲಿ ಎಷ್ಟು ಕಟ್ಟಬೇಕು, ಈ ಮೂರನ್ನೂ ಸೇರಿಸಿ ಲೆಕ್ಕ ಹಾಕಿ. ಬಿಚ್ಚುವಾಗ ಎಡಗಡೆ ಪೆಡಲ್ ಉಲ್ಟಾ ತಿರುಗಿಸಬೇಕು. ಚಕ್ರ ತೆಗೆದ ಮೇಲೆ ಬ್ರೇಕ್ ಪ್ಯಾಡ್ ನಡುವೆ ಪ್ಲಾಸ್ಟಿಕ್ ತುಂಡು ಇಡಿ, ಇಲ್ಲದಿದ್ದರೆ ದಾರಿಯಲ್ಲಿ ಬ್ರೇಕ್ ಒತ್ತಿ ಪ್ಯಾಡ್ ಕೂಡಿಕೊಳ್ಳುತ್ತದೆ. ಫೋರ್ಕಿನ ಎರಡು ಕಾಲುಗಳ ನಡುವೆಯೂ ಆನಿಕೆ ಇಡಿ. ಬರೀ ಬೆಲೆಗಾಗಿ ತರಿಸುವುದಾದರೆ ಸೈಜ್ ನೋಡದೆ ಕೊಳ್ಳುವ ಅಪಾಯ ಇದೆ. ಅದೇ ಮಾದರಿಯನ್ನು ಇಲ್ಲಿ ಒಮ್ಮೆ ಹತ್ತಿ ನೋಡಿದ್ದರೆ ಮಾತ್ರ ಮುಂದುವರಿಯಿರಿ.

ಮುಂದೆ ಬೇಕಾದರೆ ಡ್ರಾಪ್ ಹ್ಯಾಂಡಲ್ ಹಾಕಿಸಿಕೊಳ್ಳಬಹುದಲ್ಲ?

ಆಗುತ್ತದೆ, ಆದರೆ ಬೇಡ. ಹ್ಯಾಂಡಲ್ ಜೊತೆಗೆ ಗೇರ್ ಲಿವರ್, ಬ್ರೇಕ್ ಎಲ್ಲ ಬದಲಾಗಬೇಕು, ಹಲವು ಸಲ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಕೂಡ. ನೇರ ಹ್ಯಾಂಡಲ್ಲಿಗೆ ಮಾಡಿದ ಫ್ರೇಮ್ ಉದ್ದ ಇರುತ್ತದೆ, ಡ್ರಾಪ್ ಹಾಕಿದರೆ ಕೈ ಇನ್ನೂ ಮುಂದಕ್ಕೆ ಚಾಚಬೇಕು. ಆ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಬಂದುಬಿಡುತ್ತದೆ. ಕೈ ಜೋಮು ಹಿಡಿಯುವುದಷ್ಟೇ ತೊಂದರೆ ಆದರೆ, ಅಂಗೈ ಊರಲು ಅಗಲ ಇರುವ ಗ್ರಿಪ್ ಮತ್ತು ಚಿಕ್ಕ ಬಾರ್ ಎಂಡ್ (ಹ್ಯಾಂಡಲ್ ತುದಿಗೆ ಸಿಕ್ಕಿಸುವ ಕೊಂಬಿನಂಥ ಹಿಡಿ) ಹಾಕಿ ನೋಡಿ.

ಅಂಗಡಿಯಲ್ಲಿ ಓಡಿಸಿ ನೋಡುವಾಗ ಏನು ಗಮನಿಸಬೇಕು?

ಅಂಗಡಿ ಮುಂದೆ ಎರಡು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ಅರ್ಧ ಗಂಟೆ ಕೇಳಿ, ಗುರುತಿನ ಚೀಟಿ ಇಟ್ಟು ಹೋಗುತ್ತೇನೆ ಅಂದರೆ ಒಪ್ಪುವವರಿದ್ದಾರೆ. ಮೊದಲು ಸೀಟಿನ ಎತ್ತರ ಸರಿ ಮಾಡಿಸಿ, ಗಾಳಿ ನೋಡಿ, ನಿಮ್ಮ ಬೂಟು ನಿಮ್ಮ ಬ್ಯಾಗು ಹಾಕಿಕೊಂಡು ಹೋಗಿ. ಒಂದು ಏರು, ಒಂದು ಹಂಪು, ಒಂದು ಒಡೆದ ರಸ್ತೆ ಹುಡುಕಿ. ನಿಧಾನಕ್ಕೆ ಪೂರ್ತಿ ತಿರುಗಿಸುವಾಗ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುತ್ತದಾ ನೋಡಿ, ಚಿಕ್ಕ ಸೈಜಿನಲ್ಲಿ ಇದು ಆಗುತ್ತದೆ. ಎದ್ದು ನಿಂತು ಜೋರಾಗಿ ತುಳಿದಾಗ ಪೆಡಲ್ ಕೇಂದ್ರದಿಂದ ಕಿರ್ರ್ ಅನ್ನುವ ಸದ್ದು ಬಂದರೆ ಅಲ್ಲೇ ಹೇಳಿ ಸರಿ ಮಾಡಿಸಿ. ಕಾರ್ಬನ್ ಫ್ರೇಮಿಗೆ ಒತ್ತಿ ಕೂರಿಸುವ ಬೇರಿಂಗ್ ಇದ್ದರೆ ಈ ಸದ್ದು ಬರುವುದುಂಟು. ತಿರುಪಿನಿಂದ ಕೂರಿಸುವ ಬೇರಿಂಗ್ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ.

ಎರಡು ಮಾದರಿ ಇಷ್ಟವಾಗಿ ಒಂದನ್ನು ಬಿಡಬೇಕಾಗಿ ಬಂದರೆ, ನಿಮ್ಮ ಮನೆಗೆ ಹತ್ತಿರದ ಮೆಕ್ಯಾನಿಕ್ ಯಾವುದನ್ನು ಚೆನ್ನಾಗಿ ಬಲ್ಲರೋ ಅದನ್ನು ತೆಗೆದುಕೊಳ್ಳಿ. ಮೊದಲ ತಿಂಗಳಲ್ಲಿ ಕೇಬಲ್ ಸ್ವಲ್ಪ ಸಡಿಲಾಗುತ್ತದೆ, ಚಕ್ರದ ಕಡ್ಡಿಗಳು ಕೂರುತ್ತವೆ. ಆಗ ಒಮ್ಮೆ ತಪ್ಪದೆ ಸರ್ವಿಸ್‌ಗೆ ಕೊಡಿ.